ಕುದುರೆ ಸುಮ್ನೆ ನಿಂತಿದೆ ಅಂದ್ರೆ ಅರಾಮಿದೆ ಅಂತ ಅಲ್ಲ: ಮುಖ, ಮೈ ನೋಡಿ ಟೆನ್ಶನ್ ಗುರುತಿಸೋದು ಹೇಗೆ

ದೀಪಾವಳಿ ಕಳೆದು ಸೀಸನ್ ಶುರುವಾಯ್ತು ಅಂದ್ರೆ ನಮ್ಮ ಕರಾವಳಿ ಬೀಚುಗಳಲ್ಲಿ ಸವಾರಿ ಕುದುರೆ ಬಂದು ನಿಲ್ತಾವೆ, ಮದುವೆ ದಿಬ್ಬಣಕ್ಕೆ, ಜಯಂತಿ ಮೆರವಣಿಗೆಗೆ ಅಂತ ಊರೊಳಗೂ ಬರ್ತಾವೆ, ಪ್ರತಿ ಸಲ ಜನ ಕೇಳೋದು ಒಂದೇ, "ಅಣ್ಣಾ, ಒದೀತದಾ? ಕಚ್ತದಾ?" ಕುದುರೆಯವರು "ಇಲ್ಲ ಇಲ್ಲ, ಪಾಪದ್ದು, ಎಂತದೂ ಮಾಡೂದಿಲ್ಲ" ಅಂತಾರೆ, ಅಷ್ಟು ಸಾಕು ನಮಗೆ, ಮಗುನ ಎತ್ತಿ ಕೂರಿಸಿ ಮೊಬೈಲ್ ತೆಗೀತೇವೆ. ಕುದುರೆ ಮುಖ ಒಬ್ಬರೂ ನೋಡೂದಿಲ್ಲ.

ದನ ಎಮ್ಮೆ ವಿಷಯದಲ್ಲಿ ನಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ಕೊಟ್ಟಿಗೆಗೆ ಕಾಲಿಟ್ಟ ಕೂಡ್ಲೇ ಆಕಳ ಮೈಗೆ ಹುಷಾರಿಲ್ಲ, ಇವತ್ತು ಹಾಯೋಕೆ ಬರ್ತದೆ ಅಂತ ಶಿರಸಿ, ಸಿದ್ದಾಪುರ ಕಡೆ ಸಣ್ಣ ಮಕ್ಕಳಿಗೂ ಗೊತ್ತಾಗ್ತದೆ. ಕುದುರೆ ಮಾತ್ರ ನಮ್ಮ ಮನೆ ಪ್ರಾಣಿ ಆಗಲೇ ಇಲ್ಲ. ವಿಜಯನಗರದ ಕಾಲದಲ್ಲಿ ಭಟ್ಕಳ, ಹೊನ್ನಾವರ ಬಂದರಿಗೆ ಹಡಗಲ್ಲಿ ಕುದುರೆ ಬಂದು ಇಳಿದು ಘಟ್ಟ ಹತ್ತಿ ಹೋಗ್ತಿದ್ವು, ಆದ್ರೆ ನಮ್ಮ ಕೊಟ್ಟಿಗೇಲಿ ಉಳಿದಿದ್ದು ದನಾನೇ. ಹಾಗಾಗಿ ನಾವು ದನದ ಲೆಕ್ಕಾನೇ ಕುದುರೆಗೂ ಹಾಕ್ತೇವೆ, ಕಟ್ಟಿದಲ್ಲೇ ನಿಂತಿದೆ, ಮೆಲುಕು ಹಾಕಿದ ಹಾಗೆ ಬಾಯಿ ಆಡಿಸ್ತಾ ಇದೆ, ಅರಾಮಿದೆ ಅಂತ. ಕುದುರೆ ಮೆಲುಕು ಹಾಕೋ ಪ್ರಾಣಿಯೇ ಅಲ್ಲ ಮಾರಾಯ್ರೆ. ಅದು ಬಾಯಿ ಆಡಿಸೋಕೆ ಬೇರೆ ಕಾರಣ ಇದೆ, ಮುಂದೆ ಬರ್ತೇನೆ ಅದಕ್ಕೆ.

ಒಂದು ಮಾತು ಮೊದಲೇ ತಲೇಲಿಟ್ಕೊಳ್ಳಿ. ಕುದುರೆ ಬೇಟೆಗೆ ಸಿಕ್ಕೋ ಪ್ರಾಣಿ, ಓಡಿ ಬದುಕೋ ಪ್ರಾಣಿ. ನೋವಾಗ್ತಿದೆ, ಕುಂಟ್ತಾ ಇದ್ದೇನೆ ಅಂತ ತೋರಿಸ್ಕೊಂಡ್ರೆ ಕಾಡಲ್ಲಿ ಮೊದಲು ಅದನ್ನೇ ಹಿಡೀತಾವೆ, ಅದಕ್ಕೇ ಅದು ನಾಯಿ ಹಾಗೆ ಕುಂಯ್ ಅನ್ನೂದಿಲ್ಲ, ನೋವಿದ್ರೂ ಹೆಚ್ಚಾಗಿ ಕೂಗೂದಿಲ್ಲ. ತಡ್ಕೊಳ್ತದೆ, ಆದ್ರೆ ತಡ್ಕೊಳ್ಳುವಾಗ ಮುಖದ ಸಣ್ಣ ಸಣ್ಣ ಮಾಂಸಖಂಡ ಬಿಗೀತಾವೆ, ಅದನ್ನ ಮುಚ್ಚಿಡೋಕೆ ಅದರಿಂದ ಆಗೂದಿಲ್ಲ. ನಾವು ನೋಡಬೇಕಾಗಿದ್ದು ಆ ಬಿಗಿತವನ್ನ.

ಮೊದಲು ದೂರ ನಿಂತು ನೋಡಿ

ಹತ್ತಿಪ್ಪತ್ತು ಅಡಿ ದೂರ, ಪಕ್ಕಕ್ಕೆ, ನೀವು ಅದಕ್ಕೆ ಕಾಣೋ ಜಾಗದಲ್ಲಿ ನಿಂತ್ಕೊಳ್ಳಿ. ಕುದುರೆ ಕಣ್ಣು ತಲೆಯ ಎರಡು ಪಕ್ಕಕ್ಕಿರೋದ್ರಿಂದ ಸುಮಾರು 350 ಡಿಗ್ರಿ ಕಾಣ್ತದೆ, ಕಾಣದೇ ಇರೋದು ಎರಡೇ ಕಡೆ, ಹಣೆಯ ನೇರ ಮುಂದೆ ಹತ್ತಿರದ ಸ್ವಲ್ಪ ಜಾಗ ಮತ್ತೆ ಬಾಲದ ನೇರ ಹಿಂದೆ. ನಮ್ಮ ಜನ ಫೋಟೋಗೆ ಅಂತ ನಿಲ್ಲೋದೂ ಸರಿಯಾಗಿ ಈ ಎರಡೇ ಜಾಗದಲ್ಲಿ.

ನಿಜವಾಗಿ ಅರಾಮಿರೋ ಕುದುರೆ ಹೇಗಿರ್ತದೆ ಅಂತ ಕಣ್ಣಿಗೆ ಕೂತ್ರೆ ಉಳಿದಿದ್ದು ಸುಲಭ. ಕುತ್ತಿಗೆ ಸಡಿಲವಾಗಿ ಇಳಿದಿರ್ತದೆ, ಕಿವಿಗಳು ಪಕ್ಕಕ್ಕೆ ಬಿದ್ದಿರ್ತಾವೆ, ಕೆಳತುಟಿ ಸ್ವಲ್ಪ ಜೋಲು ಬಿದ್ದಿರ್ತದೆ, ಕಣ್ಣು ಅರೆ ಮುಚ್ಚಿ ರೆಪ್ಪೆ ನಿಧಾನ ಬಡೀತದೆ, ಬಾಲ ಬಿಗಿ ಇಲ್ಲದೆ ನೇತಾಡ್ತದೆ, ಹಿಂದಿನ ಒಂದು ಕಾಲನ್ನ ಮಡಚಿ ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿಸಿ ನಿಂತಿರ್ತದೆ, ಸ್ವಲ್ಪ ಹೊತ್ತಿಗೆ ಕಾಲು ಬದಲಾಯಿಸ್ತದೆ. ಹಿಂದಿನ ಕಾಲಿಗೆ ರೆಸ್ಟ್ ಕೊಡೋದು ಕುದುರೆಗೆ ಸಹಜ, ಅದನ್ನ ನೋಡಿ ಕಾಲು ನೋವು ಅಂತ ಹೆದರಬೇಡಿ. ಆದ್ರೆ ಮುಂದಿನ ಕಾಲನ್ನ ಮುಂದಕ್ಕೆ ಚಾಚಿ ಅದರ ಮೇಲೆ ಭಾರ ಹಾಕದೆ ನಿಂತಿದ್ರೆ ಅದು ರೆಸ್ಟ್ ಅಲ್ಲ, ಆ ಕಾಲಲ್ಲಿ ಅಥವಾ ಗೊರಸಲ್ಲಿ ಏನೋ ಆಗಿದೆ ಅಂತಾನೇ ಅರ್ಥ, ಆ ಕುದುರೆ ಮೇಲೆ ಯಾರೂ ಹತ್ತಬಾರದು.

ಒಂದೇ ಲಕ್ಷಣ ಹಿಡ್ಕೊಂಡು ತೀರ್ಮಾನ ಮಾಡ್ಬೇಡಿ. ಮೂರು ನಾಲ್ಕು ಕಡೆ ಒಟ್ಟಿಗೆ ಬಿಗಿ ಕಂಡ್ರೆ, ಇಲ್ಲಾ ಈಗ ತಾನೇ ಇದ್ದದ್ದು ಒಮ್ಮೆಲೇ ಬದಲಾದ್ರೆ, ಅದಕ್ಕೆ ಬೆಲೆ ಕೊಡಿ. ನಾಲ್ಕು ಕುದುರೆ ಸಾಲಾಗಿ ನಿಂತಿದ್ರೆ ಇನ್ನೂ ಒಳ್ಳೇದು, ಅದೇ ಗಾಳಿ ಅದೇ ಬಿಸಿಲಲ್ಲಿ ಮೂರು ಒಂಥರ ಇದ್ದು ಒಂದು ಮಾತ್ರ ಬೇರೆ ಥರ ಇದ್ರೆ ಕೂಡ್ಲೇ ಗೊತ್ತಾಗ್ತದೆ.

ಕಿವಿ

ಎಲ್ಲರೂ ನೋಡೋದು ಕಿವೀನೇ, ಮತ್ತೆ ಜಾಸ್ತಿ ತಪ್ಪು ತಿಳ್ಕೊಳ್ಳೋದೂ ಕಿವೀನೇ. ಒಂದೊಂದು ಕಿವಿಗೂ ಹಲವು ಮಾಂಸಖಂಡ ಇದಾವೆ, ಒಂದು ಮುಂದೆ ಇದ್ದಾಗಲೇ ಇನ್ನೊಂದನ್ನ ಹಿಂದಕ್ಕೆ ತಿರುಗಿಸಬಲ್ಲದು. ಗಮನ ಎಲ್ಲಿದೆಯೋ ಕಿವಿ ಅತ್ತ. ಮೇಲೆ ಕೂತವರ ಮಾತು ಕೇಳೋಕೆ ಕಿವಿ ಹಿಂದಕ್ಕೆ ತಿರುಗಿಸಿದ್ರೆ ಅದು ಸಿಟ್ಟಲ್ಲ, ಕಿವಿಯ ಬಾಯಿ ಹಿಂದಕ್ಕೆ ತೆರ್ಕೊಂಡಿರ್ತದೆ, ಮತ್ತೆ ಮುಂದೆ ಬರ್ತದೆ. ಸಿಟ್ಟು ಬಂದಾಗ ಕಿವಿ ಚಪ್ಪಟೆಯಾಗಿ ಕುತ್ತಿಗೆಗೆ ಅಂಟ್ಕೊಂಡ ಹಾಗೆ ಒತ್ತಿರ್ತದೆ. ಇವೆರಡರ ನಡುವೆ ಇನ್ನೊಂದಿದೆ, ಅದನ್ನೇ ಜನ ಬಿಡೋದು. ಕಿವಿ ಗಟ್ಟಿಯಾಗಿ ಸ್ವಲ್ಪ ಹಿಂದಕ್ಕೂ ಹೊರಕ್ಕೂ ತಿರುಗಿ ಅಲ್ಲೇ ನಿಂತುಬಿಡ್ತದೆ, ಎರಡು ಕಿವಿ ಮಧ್ಯದ ಜಾಗ ಮಾಮೂಲಿಗಿಂತ ಅಗಲ ಕಾಣ್ತದೆ. ನೋವಿನ ಕಿವಿ ಹಾಗೆ.

ನಮ್ಮಲ್ಲಿ ನೋಡುವಾಗ ಎರಡು ವಿಷಯ ನೆನಪಿಡಿ. ನಮ್ಮ ದೇಶದಲ್ಲಿ ಸವಾರಿಗೆ, ಮದುವೆಗೆ ತರೋ ಕುದುರೆಗಳಲ್ಲಿ ಮಾರ್ವಾಡಿ, ಕಾಠಿಯಾವಾಡಿ ತಳಿಯ ರಕ್ತ ಇರೋವು ತುಂಬಾ, ಅವುಗಳ ಕಿವಿ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗೋ ಹಾಗೆ ಇರ್ತದೆ. ತುದಿ ನೋಡಿದ್ರೆ ಯಾವಾಗ್ಲೂ ಹುಷಾರಾಗಿ ಇದ್ದ ಹಾಗೆ ಕಾಣ್ತದೆ, ಅದಕ್ಕೆ ಈ ಕುದುರೆಗಳಲ್ಲಿ ಕಿವಿಯ ಬುಡ ನೋಡಿ, ಬುಡ ಎತ್ತ ತಿರುಗಿದೆ ಅಂತ. ಇನ್ನೊಂದು, ಮಧ್ಯಾಹ್ನ ಆದ್ಮೇಲೆ ಸಮುದ್ರದ ಗಾಳಿ ಜೋರಾಗ್ತದೆ, ಮರಳು ಹಾರ್ತದೆ, ಆಗ ಕುದುರೆ ಕಿವೀನ ಗಾಳಿಗೆ ಬೆನ್ನು ಮಾಡಿ ಇಟ್ಕೊಳ್ತದೆ, ತಲೆನೂ ತಿರುಗಿಸ್ತದೆ. ಅಂಥ ಹೊತ್ತಲ್ಲಿ ಕಿವಿಯನ್ನ ನಂಬದೆ ಬಾಯಿ, ಹೊಳ್ಳೆ ನೋಡೋದು ಒಳ್ಳೇದು.

ಕಣ್ಣು

ಕಣ್ಣಿನ ಮೇಲೆ ಹುಬ್ಬಿನ ಜಾಗದಲ್ಲಿ ಒಂದು ಮಾಂಸಖಂಡ ಇದೆ, ಅದು ಬಿಗಿದಾಗ ರೆಪ್ಪೆಯ ಮೇಲೆ ಓರೆ ಓರೆ ಸುಕ್ಕು ಬಿದ್ದು ದುಂಡಗಿರೋ ಕಣ್ಣು ಮೇಲ್ಗಡೆ ಮೂಲೆ ಎತ್ತಿ ತ್ರಿಕೋನ ಆಗ್ತದೆ. ಒಮ್ಮೆ ಕಂಡ್ಮೇಲೆ ಮರೆಯೋ ಹಾಗಿಲ್ಲ, ಚಿಂತೆ ಮಾಡ್ತಾ ಇರೋರ ಮುಖವೇ ಅದು. ನೋವು ಇನ್ನೂ ಜೋರಿದ್ದಾಗ ಕಣ್ಣು ಅರೆ ಮುಚ್ಚಿರ್ತದೆ, ಇದೇ ಮೋಸ ಮಾಡೋದು, ತೂಕಡಿಸ್ತಾ ಇದೆ ಅಂತ ಅನಿಸ್ತದೆ. ತೂಕಡಿಸೋ ಕುದುರೆಯ ರೆಪ್ಪೆ ಭಾರವಾಗಿ ತಾನಾಗೇ ಇಳಿದಿರ್ತದೆ, ನೋವಿದ್ದಾಗ ರೆಪ್ಪೆ ಹಿಂಡಿದ ಹಾಗೆ ಬಿಗಿದಿರ್ತದೆ, ಸುತ್ತ ಸುಕ್ಕಿರ್ತದೆ.

ಕಣ್ಣಿನ ಬಿಳಿ ಕಂಡ್ರೆ ಹೆದರಿದೆ ಅಂತ ಹೇಳ್ತಾರೆ, ಅದು ಅರ್ಧ ಸರಿ. ಬಿಳಿ ಕಂದು ಪಟ್ಟೆ ಇರೋ ಕೆಲವು ಕುದುರೆಗೆ ಯಾವಾಗ್ಲೂ ಬಿಳಿ ಕಾಣ್ತದೆ. ಮಾಮೂಲಿ ಕಾಣದೇ ಇರೋದು ಈಗ ಕಾಣ್ತಾ ಇದೆಯಾ ಅನ್ನೋದು ಮುಖ್ಯ. ರೆಪ್ಪೆ ಬಡಿಯೋದನ್ನೂ ನೋಡಿ, ಟೆನ್ಶನ್ ಆದಾಗ ಪೂರ್ತಿ ಮುಚ್ಚಿ ತೆಗೆಯೋದು ಕಮ್ಮಿಯಾಗಿ ಮೇಲಿನ ರೆಪ್ಪೆ ಸುಮ್ನೆ ಅದುರ್ತಾ ಇರ್ತದೆ. ಸಂಜೆ ಸೂರ್ಯ ಎದುರಿಗಿದ್ರೆ ಕುದುರೆನೂ ನಮ್ಮ ಹಾಗೇ ಕಣ್ಣು ಕಿರಿದು ಮಾಡ್ತದೆ, ಆ ಹೊತ್ತಲ್ಲಿ ಕುದುರೆಯ ನೆರಳು ಬೀಳೋ ಕಡೆ ಹೋಗಿ ನಿಂತು ಬೆಳಕು ಬೀಳದ ಪಕ್ಕದ ಕಣ್ಣು ನೋಡಿ.

ಹೊಳ್ಳೆ, ಬಾಯಿ, ಗದ್ದ

ನನ್ನ ಕೇಳಿದ್ರೆ ಕಿವಿಗಿಂತ ಮುಂಚೆ ಇಲ್ಲಿ ನೋಡಬೇಕು. ಟೆನ್ಶನ್ ಮೊದಲು ಕಾಣಿಸ್ಕೊಳ್ಳೋದು ಇಲ್ಲಿ, ಮತ್ತೆ ಬರೀ ಗಾಳಿ ಬಿಸಿಲಿಗೆ ಗದ್ದ ಬಿಗಿಯೂದಿಲ್ಲ.

ಕುದುರೆ ಬಾಯಿಂದ ಉಸಿರಾಡೂದಿಲ್ಲ, ಮೂಗಿಂದ ಮಾತ್ರ. ಅರಾಮಿದ್ದಾಗ ಹೊಳ್ಳೆ ಮೆತ್ತಗೆ, ಅಂಚು ತೆಳ್ಳಗೆ ಸಡಿಲ ಇರ್ತದೆ. ಹೆದರಿದಾಗ, ಓಡಿ ಬಂದಾಗ ದುಂಡಗೆ ಅಗಲ ಆಗ್ತದೆ, ಅದು ಎಲ್ಲರಿಗೂ ಗೊತ್ತು. ಆದ್ರೆ ಓಡಿಲ್ಲ, ಸೆಕೆನೂ ಅಷ್ಟಿಲ್ಲ, ಆದ್ರೂ ಹೊಳ್ಳೆ ಅಗಲವಾಗಿ ಅಂಚು ಗಟ್ಟಿಯಾಗಿ ಮೂಗಿನ ಪಕ್ಕ ಸುಕ್ಕು ಬಿದ್ದಿದ್ರೆ ಒಳಗೆ ಏನೋ ನಡೀತಾ ಇದೆ. ಮೇಲ್ದುಟಿ ಹಿಂದಕ್ಕೆ ಎಳೆದು ಮೂತಿ ಚೂಪಾಗಿ, ಪಕ್ಕದಿಂದ ನೋಡಿದ್ರೆ ಚಪ್ಪಟೆ ಕಾಣ್ತದೆ. ದವಡೆ ಮೇಲಿನ ಅಗಿಯೋ ಮಾಂಸಖಂಡ ಏನೂ ತಿನ್ನದೇ ಇದ್ರೂ ಉಬ್ಬಿ ಗೆರೆ ಎದ್ದು ಕಾಣ್ತದೆ.

ಗದ್ದದ ವಿಷಯ ಒಂದು ಕುದುರೆಯನ್ನ ಇಟ್ಕೊಂಡೇ ಹೇಳ್ತೇನೆ. ಬೀಚಲ್ಲಿ ಜೀನು ಕಟ್ಟೋಕೆ ಮುಂಚೆ ಒಂದು ಕಂದು ಬಣ್ಣದ ಹೆಣ್ಣು ಕುದುರೆ ನಿಂತಿತ್ತು, ಕೆಳತುಟಿ ಜೋತು ಬಿದ್ದು ಗಾಳಿಗೆ ಅಲ್ಲಾಡ್ತಾ ಇತ್ತು, ಗದ್ದದ ಮೇಲಿನ ಉದ್ದ ಕೂದಲು ಎಲ್ಲಾ ಕಡೆ ಚೆದುರಿ ನಿಂತಿದ್ವು. ಹುಡುಗ ಜೀನಿನ ಹೊಟ್ಟೆಪಟ್ಟಿಗೆ ಕೈ ಹಾಕಿದ, ಇನ್ನೂ ಎಳೆದಿರಲಿಲ್ಲ. ತುಟಿ ಮೇಲಕ್ಕೆ ಹೋಗಿ ಮುಚ್ಚಿತು, ಗದ್ದ ಒಳಗೆ ಅಡಿಕೆ ಇಟ್ಟ ಹಾಗೆ ಗಂಟು ಕಟ್ತು, ಕೂದಲೆಲ್ಲ ಮುಂದಕ್ಕೆ ಬಂದ್ವು. ಪಟ್ಟಿ ಎಳೆದ ಮೇಲೆ ಕಿವಿ ಹಿಂದೆ ಹೋಯ್ತು, ಎರಡನೇ ತೂತಿಗೆ ಎಳೆದಾಗ ತಲೆ ತಿರುಗಿಸಿ ಹೊಟ್ಟೆ ಕಡೆ ನೋಡ್ತು, ಬಾಲ ಒಮ್ಮೆ ಜೋರಾಗಿ ಬೀಸಿತು, ಮೂರನೇದಕ್ಕೆ ಹಲ್ಲು ಹುಡುಗನ ಮೊಣಕೈ ಹತ್ರ ಬಂತು. ಅವನು ಮೂತಿಗೆ ಒಂದು ಕೊಟ್ಟ. ನೋಡ್ತಿದ್ದೋರು "ಅಯ್ಯೋ ಕಚ್ಚೋ ಕುದುರೆ" ಅಂತ ದೂರ ಸರಿದ್ರು. ಅದು ಅಷ್ಟು ಹೊತ್ತಿಂದ ಒಂದೊಂದಾಗಿ ಹೇಳ್ತಾ ಬಂದಿತ್ತು.

ಹೀಗೆ ಹೊಡೀತಾ ಹೋದ್ರೆ ಕುದುರೆ ಸಣ್ಣ ಸೂಚನೆ ಕೊಡೋದನ್ನೇ ಬಿಟ್ಟುಬಿಡ್ತದೆ, ಮುಂದಿನ ಸಲ ನೇರ ಕಚ್ಚೋದೇ. ಹೊಟ್ಟೆಪಟ್ಟಿಗೆ ಕೈ ಹಾಕಿದ ಕೂಡ್ಲೇ ಮುಖ ಬದಲಾಗೋ ಕುದುರೆಗೆ ಬುದ್ಧಿ ಕಲಿಸೋದಲ್ಲ, ಪಟ್ಟಿ ಬಿಚ್ಚಿ ಕೆಳಗೆ ಗಾಯ ಇದೆಯಾ, ಮರಳು, ಉಪ್ಪು ಸಿಕ್ಕೊಂಡು ಚರ್ಮ ಉಜ್ಜಿದೆಯಾ ಅಂತ ನೋಡೋದು. ಗಾಯ ಇಲ್ಲ ಅಂದ್ರೆ ಹೊಟ್ಟೆ ಹುಣ್ಣೂ ಇರಬಹುದು, ಕುದುರೆ ಹೊಟ್ಟೇಲಿ ತಿಂದ್ರೂ ತಿನ್ನದಿದ್ರೂ ಆಸಿಡ್ ಹುಟ್ತಾನೇ ಇರ್ತದೆ, ಬೆಳಗ್ಗಿಂದ ಸಂಜೆವರೆಗೆ ಹುಲ್ಲಿಲ್ಲದೆ ಬೀಚಲ್ಲಿ ನಿಲ್ಲಿಸಿದ್ರೆ ಅದು ಹೊಟ್ಟೆಯ ಒಳಗೋಡೆಯನ್ನೇ ಸುಡ್ತದೆ. ನಡುನಡುವೆ ಒಣಹುಲ್ಲು ಹಾಕೋದ್ರಿಂದಲೇ ಎಷ್ಟೋ ಕುದುರೆ ಮುಖ ಸಡಿಲ ಆಗ್ತದೆ.

ಈಗ ಬಾಯಿ ಆಡಿಸೋದು. ನಾಲಿಗೆ ಹೊರಗೆ ಹಾಕಿ ತುಟಿ ನೆಕ್ಕಿ ಖಾಲಿ ಬಾಯಿ ಅಗಿಯೋದನ್ನ ನೋಡಿ "ಒಪ್ಕೊಳ್ತು, ಪಳಗ್ತು" ಅಂತ ಹೇಳೋರಿದ್ದಾರೆ. ಅದು ಬರೋದು ಟೆನ್ಶನ್ ಇಳಿಯುವಾಗ. ಅಂದ್ರೆ ಒಂದು ನಿಮಿಷ ಮುಂಚೆ ಅದು ಟೆನ್ಶನ್ನಲ್ಲಿತ್ತು, ಆಗ ಏನಾಯ್ತು ಅಂತ ಹಿಂದಕ್ಕೆ ಯೋಚನೆ ಮಾಡಿ. ಪದೇ ಪದೇ ಆಕಳಿಸೋದಕ್ಕೂ ಇದೇ ಲೆಕ್ಕ, ಜೊತೆಗೆ ಹಲ್ಲು ಕಡಿಯೋ ಶಬ್ದ ಕೇಳಿದ್ರೆ ಹೊಟ್ಟೆ ನೋವಿನ ಕಡೆನೂ ಗಮನ ಕೊಡಿ. ಕಡಿವಾಣ ಹಾಕಿದ ಮೇಲೆ ಬಾಯಿ ಬಿಡೋದು, ನಾಲಿಗೆ ಪಕ್ಕಕ್ಕೆ ಹೊರಗೆ ಹಾಕೋದು, ತಲೆ ಮೇಲೆ ಕೆಳಗೆ ಎಗರಿಸೋದು ಕಂಡ್ರೆ ಕಡಿವಾಣವೋ ಹಲ್ಲೋ ಚುಚ್ತಾ ಇದೆ. ಕೆಲವರು ಮೂತಿಗೆ ಪಟ್ಟಿ ಬಿಗಿದು ಬಾಯಿ ಮುಚ್ಚಿಸ್ತಾರೆ, ಆಗ ನಮಗೆ ಕಾಣೋದು ನಿಂತಿತು, ನೋವು ಇದ್ದಲ್ಲೇ ಇದೆ.

ಇದೆಲ್ಲ ಅಂದಾಜಿನ ಮಾತು ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ. 2014ರಲ್ಲಿ ಯುರೋಪಿನ ಸಂಶೋಧಕರು ಬೀಜ ತೆಗೆಸಿದ ಗಂಡು ಕುದುರೆಗಳ ಮುಖ ನೋಡಿ ನೋವು ಅಳೆಯೋ ಪಟ್ಟಿ ಮಾಡಿದ್ರು, ಕಿವಿ, ಕಣ್ಣಿನ ಬಿಗಿತ, ಕಣ್ಣಿನ ಮೇಲ್ಭಾಗ, ಅಗಿಯೋ ಮಾಂಸಖಂಡ, ಬಾಯಿ ಮತ್ತೆ ಗದ್ದ, ಹೊಳ್ಳೆ ಅಂತ ಆರು ಜಾಗ, ಒಂದೊಂದಕ್ಕೂ 0, 1 ಅಥವಾ 2 ಅಂಕ. 2015ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಯೂನಿವರ್ಸಿಟಿಯವರು ಕುದುರೆ ಮುಖದಲ್ಲಿ 17 ಬೇರೆ ಬೇರೆ ಚಲನೆ ಗುರುತಿಸಿದ್ರು, ಮನುಷ್ಯರಿಗೆ 27, ನಾಯಿಗೆ 16, ಚಿಂಪಾಂಜಿಗೆ 13. ಚಿಂಪಾಂಜಿಗಿಂತ ಜಾಸ್ತಿ ಮುಖದ ಚಲನೆ ಇರೋ ಪ್ರಾಣಿ ಇದು, ನಾವು ಅದರ ಮುಖಾನೇ ನೋಡದೆ ಹತ್ತಿ ಕೂರ್ತೇವೆ.

ಕುತ್ತಿಗೆ, ಮೈ, ಬಾಲ

ತಲೆ ಎತ್ತಿ, ಕುತ್ತಿಗೆ ಕೆಳಭಾಗದ ಮಾಂಸ ಉಬ್ಬಿ, ಬೆನ್ನು ಹಲಗೆ ಆಗಿದ್ರೆ ಕುದುರೆ ಓಡೋಕೆ ರೆಡಿ ಆಗ್ತಾ ಇದೆ. ಬಾಲ ಒಳಕ್ಕೆ ಒತ್ತಿ ಹಿಡಿದಿದ್ರೆ ಹೆದರಿಕೆ ಅಥವಾ ನೋವು. ಬೀಸೋ ಬಾಲ ಮಾತ್ರ ನೋಡಿ ಬೇರೆ ಮಾಡ್ಬೇಕು, ಮಳೆಗಾಲದಲ್ಲಿ ನಮ್ಮಲ್ಲಿ ನೊಣದ ಕಾಟ ಎಷ್ಟು ಅಂತ ಗೊತ್ತಲ್ಲ. ನೊಣಕ್ಕೆ ಬೀಸೋ ಬಾಲ ನೊಣ ಕೂತ ಕಡೆಗೆ ಹೋಗ್ತದೆ, ಜೊತೆಗೆ ಅಲ್ಲಿನ ಚರ್ಮ ಅದುರ್ತದೆ, ಮುಖ ಸಡಿಲಾನೇ ಇರ್ತದೆ. ಸಿಟ್ಟಿಗೆ, ನೋವಿಗೆ ಬೀಸೋ ಬಾಲ ಏನೋ ಒಂದು ಆದಾಗಲೇ ಬೀಸ್ತದೆ, ಮೇಲಿದ್ದೋರ ಹಿಮ್ಮಡಿ ತಾಗಿದಾಗ, ಲಗಾಮು ಎಳೆದಾಗ, ಜೋರು ತಿರುವಲ್ಲಿ.

ಸವಾರಿ ಮಾಡುವಾಗಿನ ಲಕ್ಷಣಕ್ಕೆ ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತೆ ಅವರ ಜೊತೆಯವರು 24 ವರ್ತನೆಗಳ ಪಟ್ಟಿ ಮಾಡಿದ್ದಾರೆ, ಅದರಲ್ಲಿ 8 ಅಥವಾ ಜಾಸ್ತಿ ಕಂಡ್ರೆ ಮೂಳೆ ಮಾಂಸಖಂಡದ ನೋವು ಇರೋ ಸಾಧ್ಯತೆ ತುಂಬಾ ಅಂತ. ಕಿವಿ 5 ಸೆಕೆಂಡಿಗಿಂತ ಜಾಸ್ತಿ ಹಿಂದೇ ಇರೋದು, ಬಾಯಿ ಬಿಟ್ಕೊಂಡೇ ಇರೋದು, ಪದೇ ಪದೇ ಎಡವೋದು, ಶೂನ್ಯ ನೋಟ, ಮುಂದೆ ಹೋಗೋಕೆ ಒಲ್ಲೆ ಅನ್ನೋದು ಎಲ್ಲಾ ಅದರಲ್ಲಿ ಬರ್ತದೆ. ಮೈಗಳ್ಳ ಕುದುರೆ, ಮೊಂಡು ಕುದುರೆ ಅಂತ ಕರೆಸ್ಕೊಳ್ಳೋವು ಎಷ್ಟೋ ಬೆನ್ನು ನೋವಿನ ಕುದುರೆಗಳು.

ಅಲ್ಲಾಡದೇ ನಿಂತ ಕುದುರೆ

ಇದನ್ನ ಹೇಳೋಕೇ ಇಷ್ಟೆಲ್ಲ ಬರೆದಿದ್ದು. ಅಲ್ಲಾಡದೇ ನಿಲ್ಲೋದ್ರಲ್ಲಿ ಮೂರು ಥರ ಇದೆ, ದೂರದಿಂದ ಮೂರೂ ಒಂದೇ ಥರ ಕಾಣ್ತಾವೆ.

ತೂಕಡಿಸ್ತಾ ನಿಂತಿದ್ದು ಮೊದಲನೇದು, ಅದರ ತೊಂದರೆ ಇಲ್ಲ. ಎರಡನೇದು ಹೆದರಿ ಗಟ್ಟಿಯಾಗಿದ್ದು. ದಿಬ್ಬಣದಲ್ಲಿ ಡಿಜೆ ಹಚ್ಚಿದ್ರು, ಪಕ್ಕದಲ್ಲೇ ಗರ್ನಾಲು ಹೊಡೆದ್ರು, ಮದುಮಗ ಮೇಲಿದ್ದಾನೆ, ಕುದುರೆ ಕಂಬದ ಹಾಗೆ ನಿಂತಿದೆ, "ಎಷ್ಟು ಪಳಗಿದೆ ನೋಡಿ" ಅಂತ ಎಲ್ಲರೂ ಖುಷಿ. ಹತ್ರದಿಂದ ನೋಡಿದ್ರೆ ತಲೆ ಮೇಲಿದೆ, ಕಿವಿ ಒಂದು ಕಡೆ ನೆಟ್ಟು ತಿರುಗ್ತಾನೇ ಇಲ್ಲ, ಪಕ್ಕೆ ಅಲ್ಲಾಡ್ತಾ ಇಲ್ಲ ಅಂದ್ರೆ ಉಸಿರು ಹಿಡಿದಿದೆ, ನಾಲ್ಕೂ ಕಾಲು ಸ್ವಲ್ಪ ಅಗಲಿಸಿ ಊರಿದೆ. ಇದರ ಮುಂದಿನ ಹೆಜ್ಜೆ ಒಂದೋ ಓಡೋದು, ಇಲ್ಲಾ ಎರಡು ಕಾಲ ಮೇಲೆ ಏಳೋದು. ಮತ್ತೆ ಎಷ್ಟೋ ಸಲ ಕುದುರೆ ಒಂದೇ ವಿಷಯಕ್ಕೆ ಕೆರಳೂದಿಲ್ಲ, ಬೆಳಗ್ಗೆ ಲಾರೀಲಿ ಬಂದಿದ್ದು, ನೀರು ಸಿಗದಿದ್ದು, ಲೈಟು, ಬ್ಯಾಂಡು, ಮೇಲೆ ಬೀಳೋ ಹೂವು ಎಲ್ಲಾ ಒಂದರ ಮೇಲೊಂದು ಕೂಡ್ತಾ ಬಂದಿರ್ತದೆ, ಕೊನೆಗೆ ಯಾವುದೋ ಮಗು ಬಲೂನ್ ಒಡೆದಾಗ ಹೋಗ್ತದೆ. ಗಟ್ಟಿ ನಿಂತಿದ್ದು ಕಂಡ್ರೆ ಮೊದಲು ಶಬ್ದ ನಿಲ್ಲಿಸಿ, ಮೇಲಿರೋರನ್ನ ಇಳಿಸಿ, ಹಿಂದೆ ಇರೋ ಜನಾನ ಸರಿಸಿ, ಕುದುರೆಯವರು ಅದನ್ನ ತೆರವು ಜಾಗಕ್ಕೆ ತಿರುಗಿಸಿ ನಾಲ್ಕು ಹೆಜ್ಜೆ ನಡೆಸಲಿ. ಹೊಡೆದು ಮುಂದೆ ತಳ್ಳೋಕೆ ಹೋದ್ರೆ ಅಪಾಯ.

ಮೂರನೇದು ನನಗೆ ಎಲ್ಲಕ್ಕಿಂತ ಸಂಕಟ ತರೋದು. ಎಷ್ಟು ಹೇಳಿದ್ರೂ ಯಾರೂ ಕೇಳದೆ ಇದ್ದಾಗ ಕುದುರೆ ಹೇಳೋದನ್ನೇ ಬಿಡ್ತದೆ. ಕುತ್ತಿಗೆ ಬೆನ್ನಿನ ಮಟ್ಟಕ್ಕೆ ಚಾಚಿದೆ, ಕಣ್ಣು ತೆರೆದಿದೆ ಆದ್ರೆ ಎಲ್ಲೂ ನೋಡ್ತಾ ಇಲ್ಲ, ಮಕ್ಕಳು ಬಾಲ ಎಳೆದ್ರೂ ತಿರುಗೂದಿಲ್ಲ. ಇದನ್ನೇ ಜನ ಸಾಧು ಕುದುರೆ ಅಂತ ಹೊಗಳಿ ಮಕ್ಕಳಿಗೆ ಆರಿಸ್ಕೊಳ್ತಾರೆ. ಗೊತ್ತು ಮಾಡ್ಕೊಳ್ಳೋಕೆ ಸುಲಭದ ದಾರಿ, ಪಕ್ಕದಲ್ಲಿ ನಿಂತು ಮೆಲ್ಲಗೆ ಮಾತಾಡಿ, ಇಲ್ಲಾ ನಾಲಿಗೆಯಿಂದ ಟಕ್ ಟಕ್ ಅನ್ನಿ. ತೂಕಡಿಸೋ ಕುದುರೆಯ ಒಂದು ಕಿವಿಯಾದ್ರೂ ನಿಮ್ಮ ಕಡೆ ತಿರುಗ್ತದೆ, ಕಣ್ಣು ಸ್ವಲ್ಪ ತೆರೀತದೆ. ಇದರ ಕಿವಿ ತಿರುಗೂದಿಲ್ಲ. ಅಂಥ ಕುದುರೆಗೆ ಬೇಕಾಗಿದ್ದು ರಜೆ, ಹುಲ್ಲು, ಬೇರೆ ಕುದುರೆ ಜೊತೆ, ಮತ್ತೆ ಡಾಕ್ಟರು.

ನಮ್ಮ ಸೆಕೆ

ಕರಾವಳಿ ಸೆಕೆಯಲ್ಲಿ ಬೆವರು ಆರೂದಿಲ್ಲ, ಕುದುರೆಗೆ ಮೈ ತಣ್ಣಗಾಗೋದು ಹೆಚ್ಚಾಗಿ ಬೆವರಿಂದಲೇ. ಬಿಸಿ ಮತ್ತೆ ತೇವ ಎರಡೂ ಜಾಸ್ತಿ ಇರೋ ಜಾಗದಲ್ಲಿ ಕೆಲವು ಕುದುರೆ ಕ್ರಮೇಣ ಬೆವರೋದನ್ನೇ ನಿಲ್ಲಿಸ್ತಾವೆ, ಇದೊಂದು ಕಾಯಿಲೆ. ಉಳಿದ ಕುದುರೆ ನೀರಿಳಿಸ್ಕೊಂಡು ನಿಂತಿರುವಾಗ ಒಂದು ಮಾತ್ರ ಮೈ ಒಣಗಿ, ಹೊಳ್ಳೆ ಅಗಲಿಸಿ ಬುಸುಗುಡ್ತಾ ಇದ್ರೆ "ಇದಕ್ಕೆ ಸುಸ್ತೇ ಆಗಿಲ್ಲ, ಬೆವರಿಲ್ಲ" ಅಂತ ತಿಳೀಬೇಡಿ, ಅದು ತುರ್ತು. ನೆರಳಿಗೆ ಕರ್ಕೊಂಡ್ ಹೋಗಿ, ಮೈಮೇಲೆ ತಣ್ಣೀರು ಸುರೀತಾ ಇರಿ, ಕುಡಿಯೋಕೆ ಸಿಹಿನೀರು ಇಡಿ.

ಉಸಿರು ಎಣಿಸೋದು ಕಲೀರಿ. ಪಕ್ಕೆ ಉಬ್ಬಿ ಇಳಿದ್ರೆ ಒಂದು, 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಸುಮ್ನೆ ನಿಂತ ದೊಡ್ಡ ಕುದುರೆಗೆ ನಿಮಿಷಕ್ಕೆ 8ರಿಂದ 16, ಎದೆಬಡಿತ 28ರಿಂದ 44. ಸೆಕೆಯಲ್ಲಿ ಸ್ವಲ್ಪ ಜಾಸ್ತಿ ಇರಬಹುದು, ಆದ್ರೆ ಸವಾರಿ ಮುಗಿಸಿ ನೆರಳಲ್ಲಿ ನಿಂತು ಹೊತ್ತಾದ್ರೂ ಇಳೀತಾನೇ ಇಲ್ಲ ಅಂದ್ರೆ ಆ ಕುದುರೆಯ ಇವತ್ತಿನ ಕೆಲಸ ಮುಗೀತು ಅಂತ ಲೆಕ್ಕ.

ಭಾರ ಎಳೆಯೋ, ಹೊರೋ ಪ್ರಾಣಿಗಳಿಗೆ 1965ರ ಕೇಂದ್ರದ ನಿಯಮ ಇದೆ, ದಿನಕ್ಕೆ 9 ತಾಸಿಗಿಂತ ಜಾಸ್ತಿ ಇಲ್ಲ, ರೆಸ್ಟ್ ಕೊಡದೆ 5 ತಾಸಿಗಿಂತ ಜಾಸ್ತಿ ಇಲ್ಲ, 37 ಡಿಗ್ರಿ ದಾಟೋ ಜಾಗದಲ್ಲಿ ಮಧ್ಯಾಹ್ನ 12ರಿಂದ 3 ಕೆಲಸ ಇಲ್ಲ, ಟಟ್ಟು ಅಂದ್ರೆ ಸಣ್ಣ ಜಾತಿ ಕುದುರೆ, ಅದರ ಮೇಲೆ 70 ಕೆಜಿಗಿಂತ ಜಾಸ್ತಿ ಹೊರಿಸೋ ಹಾಗಿಲ್ಲ. ಒಳ್ಳೆ ನಿಯಮ, ಆದ್ರೆ ನಮ್ಮ ಕರಾವಳಿಗೆ ಆ 37 ಹೊಂದೂದಿಲ್ಲ, ಇಲ್ಲಿ 33 ಡಿಗ್ರಿಯ ಸೆಕೇನೇ ಕುದುರೆಯನ್ನ ಹಣ್ಣು ಮಾಡ್ತದೆ. ಥರ್ಮಾಮೀಟರ್ ಬಿಟ್ಟು ಪಕ್ಕೆ, ಹೊಳ್ಳೆ ನೋಡಿ ನಿರ್ಧಾರ ಮಾಡೋದೇ ಸರಿ.

ಹೆದರಿಕೆ ಅಲ್ಲ, ಹೊಟ್ಟೆನೋವು

ಕುದುರೆಗೆ ವಾಂತಿ ಮಾಡೋಕೆ ಆಗೂದಿಲ್ಲ, ಹೊಟ್ಟೆ ಕೆಟ್ರೆ ಜೀವಕ್ಕೇ ಬರ್ತದೆ. ತಿರುಗಿ ತಿರುಗಿ ಪಕ್ಕೆ ನೋಡೋದು, ಮುಂಗಾಲಲ್ಲಿ ನೆಲ ಕೆರೆಯೋದು, ಮಲಗಿ ಏಳೋದು, ಹೊರಳಾಡೋದು, ಮೇಲ್ದುಟಿ ಮೇಲಕ್ಕೆ ಮಡಚೋದು, ಹುಲ್ಲು ಮುಟ್ಟದೇ ಇರೋದು, ಲದ್ದಿ ಹಾಕದೇ ಇರೋದು, ಇದರಲ್ಲಿ ಎರಡು ಮೂರು ಕಂಡ್ರೆ ಮನೆಮದ್ದು ಹುಡುಕ್ತಾ ಕೂರಬೇಡಿ. ಮೇವು ತೆಗೆದು ಡಾಕ್ಟರಿಗೆ ಫೋನ್ ಮಾಡಿ, ಪಶುವೈದ್ಯಕೀಯ ಸಂಚಾರಿ ವಾಹನಕ್ಕೆ 1962 ಇದೆ. ಬೀಚಿನ ಕುದುರೆಗೆ ಇನ್ನೊಂದು ಅಪಾಯ ಮರಳು. ಹುಲ್ಲು, ಹುರುಳಿ ಮರಳ ಮೇಲೇ ಹಾಕಿದ್ರೆ ತಿನ್ನುವಾಗ ಮರಳೂ ಒಳಗೆ ಹೋಗಿ ಕರುಳಲ್ಲಿ ಕೂತ್ಕೊಳ್ತದೆ, ಒಂದು ಬುಟ್ಟಿ ಅಥವಾ ಟಾರ್ಪಾಲು ಹಾಸಿದ್ರೆ ಸಾಕು ಇದು ತಪ್ತದೆ.

ಹತ್ರ ಹೋಗೋದು, ಮುಟ್ಟೋದು

ಮೊದಲು ಯಜಮಾನರನ್ನ ಕೇಳಿ. ಆಮೇಲೆ ಭುಜದ ಕಡೆಯಿಂದ, ಮಾತಾಡ್ತಾ, ನಿಧಾನ ಬನ್ನಿ. ನೀವು ಹತ್ರ ಬಂದ ಹಾಗೆ ತಲೆ ಆಚೆ ತಿರುಗಿಸಿದ್ರೆ, ಗದ್ದ ಗಂಟಾದ್ರೆ ಅಲ್ಲೇ ನಿಲ್ಲಿ, ಒಂದು ಹೆಜ್ಜೆ ಹಿಂದೆ ಹೋಗಿ, ಸಡಿಲ ಆದ್ಮೇಲೆ ನೋಡುವ. ಕೈಯನ್ನ ತಗ್ಗಿಸಿ ಕೊಡಿ, ಮೂಸಲಿ. ಹಣೆ ಮೇಲೆ ತಟ್ಟೋದು ನಮಗೆ ಪ್ರೀತಿ, ಅದಕ್ಕೆ ಅಲ್ಲ, ಅಲ್ಲಿ ಅದಕ್ಕೆ ಕೈ ಕಾಣೋದೂ ಇಲ್ಲ. ಜೂಲು ಮುಗಿಯೋ ಜಾಗ, ಕುತ್ತಿಗೆ ಬೆನ್ನು ಸೇರೋ ಉಬ್ಬು, ಅಲ್ಲಿ ಬೆರಳಿಂದ ಕೆರೀರಿ, ಕುದುರೆಗಳು ಒಂದಕ್ಕೊಂದು ಹಲ್ಲಲ್ಲಿ ಕೆರ್ಕೊಳ್ಳೋದು ಅಲ್ಲೇ, ಅಲ್ಲಿ ಕೆರೆದ್ರೆ ಎದೆಬಡಿತ ಇಳೀತದೆ ಅಂತ ಅಳೆದು ನೋಡಿದ್ದಾರೆ. ಐದಾರು ಸೆಕೆಂಡ್ ಕೆರೆದು ಕೈ ತೆಗೀರಿ. ಬೇಕಿದ್ರೆ ಅದೇ ನಿಮ್ಮ ಕಡೆ ವಾಲ್ತದೆ, ಮೇಲ್ದುಟಿ ಉದ್ದ ಮಾಡಿ ಅಲ್ಲಾಡಿಸ್ತದೆ. ಬೇಡದಿದ್ರೆ ಸುಮ್ನಿರ್ತದೆ, ನೀವೂ ಸುಮ್ನಾಗಿ.

ತಿನ್ನಿಸೋ ವಿಷಯ ಶಿರಸಿ ಕಡೆಯೋರಿಗೆ ಬೇರೆ ಥರ ಮನಸ್ಸಿಗೆ ಹತ್ರ. ಸೋಂದೆಯ ವಾದಿರಾಜರು ತಲೆ ಮೇಲೆ ಕಡಲೆ ಬೆಲ್ಲದ ಮಡ್ಡಿ ಹೊತ್ತು ಕೂತ್ರೆ ಹಯಗ್ರೀವ ದೇವರೇ ಬಿಳಿ ಕುದುರೆಯಾಗಿ ಹಿಂದಿನಿಂದ ಬಂದು ತಿಂತಿದ್ದ ಅನ್ನೋ ಕತೆ ಕೇಳಿ ಬೆಳೆದೋರು ನಾವು, ಕುದುರೆ ಕಂಡ್ರೆ ಕಡಲೆ ಬೆಲ್ಲ ಕೊಡೋಣ ಅನಿಸೋದು ಸಹಜ. ಆದ್ರೆ ಬೀಚಲ್ಲಿ ದಿನಕ್ಕೆ ನೂರಾರು ಜನ ಬರ್ತಾರೆ, ಪ್ರತಿಯೊಬ್ಬರೂ ಒಂದು ಹಿಡಿ ಕಡಲೆ, ಬಿಸ್ಕೀಟು ಕೊಟ್ರೆ ಅದರ ಹೊಟ್ಟೆ ಗತಿ ಏನು. ಯಜಮಾನರು ಹೂಂ ಅಂದ್ರೆ ಮಾತ್ರ ಸ್ವಲ್ಪ ಹಸಿ ಹುಲ್ಲು ಕೊಡಿ. ಮತ್ತೆ ಕೈಯಿಂದ ತಿಂದು ಅಭ್ಯಾಸ ಆದ ಕುದುರೆ ತುಟಿ ಚಾಚಿ ನಿಮ್ಮ ಕೈ, ಜೇಬು ಹುಡುಕ್ತದೆ, ಅದನ್ನ ಸ್ನೇಹ ಅಂತ ತಿಳ್ಕೊಂಡು ಮಗು ಮುಖ ಹತ್ರ ತರಬೇಡಿ, ಕಣ್ಣು ಕಿವಿ ಆಗ ಬೇರೇನೇ ಹೇಳ್ತಾ ಇರಬಹುದು.

ಏನಾದ್ರೂ ಸರಿ ಇಲ್ಲ ಅನಿಸಿದ್ರೆ ಕುದುರೆಯವರ ಮೇಲೆ ನಾಲ್ಕು ಜನರ ಎದುರು ಕೂಗಾಡಬೇಡಿ, ಅವರ ಮನೆ ನಡೆಯೋದೂ ಅದೇ ಕುದುರೆಯಿಂದ, ಕುದುರೆಗೆ ಹುಷಾರಿಲ್ಲದೆ ಆದ್ರೆ ಮೊದಲು ಲುಕ್ಸಾನು ಅವರಿಗೇ. "ಅಣ್ಣಾ, ಪಟ್ಟಿ ಕಟ್ಟಿದ ಜಾಗದಲ್ಲಿ ನೋವಿದ್ದ ಹಾಗೆ ಕಾಣ್ತದೆ, ಒಮ್ಮೆ ಬಿಚ್ಚಿ ನೋಡ್ತೀರಾ?" ಅಂತ ಮೆಲ್ಲಗೆ ಕೇಳಿದ್ರೆ ಹೆಚ್ಚಿನವರು ನೋಡ್ತಾರೆ. ಬಿಚ್ಚೋದಿಲ್ಲ ಅಂದ್ರೆ ಆ ಕುದುರೆ ಹತ್ತಬೇಡಿ, ದುಡ್ಡು ಕೊಡಬೇಡಿ.

ಕಣ್ಣು ಪಳಗಬೇಕು ಅಂದ್ರೆ ಮೊಬೈಲ್ ಒಳ್ಳೆ ಗುರು. ಕುದುರೆ ಮುಖ ಪೂರ್ತಿ ಬರೋ ಹಾಗೆ ಪಕ್ಕದಿಂದ ಒಂದು ನಿಮಿಷ ವಿಡಿಯೋ ತೆಗೀರಿ, ಫ್ಲ್ಯಾಶ್ ಬೇಡ. ಮನೇಲಿ ಸೌಂಡ್ ಬಂದ್ ಮಾಡಿ, ಸ್ಲೋ ಮಾಡಿ ನೋಡಿ, ಒಂದು ಸಲ ಗದ್ದ ಮಾತ್ರ, ಇನ್ನೊಂದು ಸಲ ಹುಬ್ಬು ಮಾತ್ರ, ಮತ್ತೊಂದು ಸಲ ಪಕ್ಕೆ ಮಾತ್ರ. ಬೀಚಲ್ಲಿ ನಿಂತಾಗ ಕಾಣದೇ ಇದ್ದದ್ದು ಅಲ್ಲಿ ಕಾಣ್ತದೆ. ಕುದುರೆ ಸಾಕಿದೋರು ಅರಾಮಿದ್ದಾಗಲೇ ಎರಡೂ ಪಕ್ಕದಿಂದ ಮುಖದ ಫೋಟೋ ತೆಗೆದು ಇಟ್ಕೊಳ್ಳಿ, ಯಾವತ್ತಾದ್ರೂ ಸಂಶಯ ಬಂದಾಗ ಅದೇ ಪಕ್ಕದಿಂದ ಅದೇ ಬೆಳಕಲ್ಲಿ ಇನ್ನೊಂದು ತೆಗೆದು ಎರಡನ್ನೂ ಡಾಕ್ಟರಿಗೆ ಕಳಿಸಿ, ಬರೋ ಮುಂಚೇನೇ ಅವರಿಗೆ ಅರ್ಧ ವಿಷಯ ಗೊತ್ತಾಗ್ತದೆ.